ಇಂಗ್ಲೆಂಡಿನ ಮನೆಗಳಲ್ಲಿ ಹೊಗೆಗೂಡಿನ ಮುಚ್ಚುಗೆ

ಶೀತದೇಶಗಳ ಗೃಹಚರಿತ್ರೆಯಲ್ಲಿ ಹೊಗೆಗೂಡಿಗಿರುವ ಸ್ಥಾನವು ನಮ್ಮವರಿಗೆ ಅಷ್ಟಾಗಿ ಪರಿಚಿತವಾದುದಲ್ಲ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಹೊಗೆಯು ಹೆಂಚಿನ ಸಂದುಗಳಲ್ಲಿಯೂ ಗವಾಕ್ಷಿಯಲ್ಲಿಯೂ ತನ್ನ ದಾರಿಯನ್ನು ತಾನೇ ಹುಡುಕಿಕೊಂಡು ಹೋಗುತ್ತಿದ್ದಿತು. ಗೋಡೆಯೊಳಗೆ ಅಗ್ಗಿಷ್ಟಿಕೆಯನ್ನಿರಿಸಿ, ಅದರ ಮೇಲೆ ಮಾಡನ್ನು ದಾಟುವಂತೆ ಇಟ್ಟಿಗೆಯ ಗೂಡನ್ನು ಏರಿಸಿ ಕಟ್ಟಿದ ಮನೆಗಳನ್ನು ನೋಡಬೇಕಾದರೆ ಬೆಂಗಳೂರಿನ ದಂಡುಪ್ರದೇಶದಲ್ಲಿ ಅಳಿದುಳಿದಿರುವ ಬಂಗಲೆಗಳಿಗೋ, ಕೊಡಗಿನ ಕಾಫಿತೋಟಗಳಿಗೋ, ನೀಲಗಿರಿಯ ಉದಕಮಂಡಲಕ್ಕೋ ಹೋಗಬೇಕು. ಆದರೆ ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಇಂಗ್ಲೆಂಡಿಗೆ ಹೋಗಿ ನೆಲೆಸಿರುವ ಕನ್ನಡದ ಸಂಸಾರಗಳು ಈಗ ಅನೇಕವಾಗಿವೆ. ಅವರು ಬಾಡಿಗೆಗೆ ಹಿಡಿಯುವ ಮನೆಯು ಎಷ್ಟೋ ವೇಳೆ ನೂರು ನೂರೈವತ್ತು ವರ್ಷಗಳಷ್ಟು ಹಳೆಯದು. ಅದರ ನಡುಮನೆಯ ಗೋಡೆಯಲ್ಲಿ ಹಲಗೆ ಬಡಿದು ಬಣ್ಣ ಬಳಿದ ಒಂದು ಬಾಯಿ. ಚಳಿಗಾಲದಲ್ಲಿ ಆ ಹಲಗೆಯ ಅಂಚಿನಿಂದ ಇಣುಕುವ ಕುಳಿರ್ಗಾಳಿ. ಮಳೆಗಾಲದಲ್ಲಿ ಅದರ ಮೇಲಣ ಗೋಡೆಯ ಮೇಲೆ ಮೂಡುವ ಕಂದುಬಣ್ಣದ ಕಲೆ. ಇದನ್ನು ಮುಚ್ಚಿದವರು ಯಾರು, ಏತಕ್ಕಾಗಿ ಮುಚ್ಚಿದರು, ಮುಚ್ಚಿದ ರೀತಿ ಸರಿಯೇ ಎಂಬ ಪ್ರಶ್ನೆಗೆ ಮನೆಯ ಒಡೆಯನು ಕೊಡುವ ಉತ್ತರವು ಚಿಕ್ಕದು. ಚರಿತ್ರೆಯು ಕೊಡುವ ಉತ್ತರವು ಮುನ್ನೂರೈವತ್ತು ವರ್ಷಗಳಿಗೂ ಉದ್ದವಾದುದು.

ಮೊದಲು ಹೊಗೆಗೂಡೇ ಇರಲಿಲ್ಲ. ಮಧ್ಯಯುಗದ ಆಂಗ್ಲರ ಮನೆಯಲ್ಲಿ ದೊಡ್ಡದೊಂದು ಹಜಾರ, ಅದರ ನಡುವೆ ನೆಲದ ಮೇಲೆಯೇ ಬೆಂಕಿ, ಮಾಡಿನಲ್ಲಿ ಹೊಗೆ ಹೋಗಲೊಂದು ಕಂಡಿ, ಇಷ್ಟೇ. ಎಸೆಕ್ಸ್ ಪ್ರಾಂತದ ರಾಡ್ವಿಂಟರ್ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದ ವಿಲಿಯಂ ಹ್ಯಾರಿಸನ್ ಎಂಬಾತನು ಇಂಗ್ಲೆಂಡಿನ ವರ್ಣನೆಯೊಂದನ್ನು ಬರೆದು 1577ರಲ್ಲಿ ಅಚ್ಚು ಮಾಡಿಸಿದನು. ತಮ್ಮ ಕಾಲದಲ್ಲಿ ಆಶ್ಚರ್ಯಕರವಾಗಿ ಬದಲಾದ ವಸ್ತುಗಳು ಮೂರೆಂದು ಆ ಹಳ್ಳಿಯ ಮುದುಕರು ಹೇಳುತ್ತಿದ್ದರಂತೆ. ಅವುಗಳಲ್ಲಿ ಮೊದಲನೆಯದು ಹೊಸದಾಗಿ ಎದ್ದು ನಿಂತ ಹೊಗೆಗೂಡುಗಳ ಸಮೂಹ. ಅವರ ಬಾಲ್ಯದಲ್ಲಿ ಮಠಗಳನ್ನೂ ಪ್ರಭುಗಳ ಮನೆಗಳನ್ನೂ ಬಿಟ್ಟರೆ ಒಂದೊಂದು ಊರಿನಲ್ಲಿ ಎರಡು ಮೂರಕ್ಕಿಂತ ಹೆಚ್ಚು ಗೂಡುಗಳಿರಲಿಲ್ಲವಂತೆ. ಹ್ಯಾರಿಸನ್ನನಿಗೆ ಈ ಬದಲಾವಣೆಯು ಪೂರ್ಣವಾಗಿ ಒಪ್ಪಿಗೆಯಾಗಿದ್ದಂತೆ ತೋರದು. ಹೊಗೆಯಿದ್ದಾಗ ಮನೆಯ ಮರಮುಟ್ಟು ಗಟ್ಟಿಯಾಗುತ್ತಿದ್ದಿತು, ಮನೆವಂದಿಗರ ತಲೆ ನೋಯುತ್ತಿರಲಿಲ್ಲ. ಗೂಡು ಹೆಚ್ಚಿದ ಮೇಲೆ ನೆಗಡಿಯೂ ಹೆಚ್ಚಿತು ಎಂಬುದು ಅವನ ದೂರು. ಒಲೆಯ ಮೇಲಣ ಅಟ್ಟದಲ್ಲಿ ಬಿತ್ತನೆಯ ಬೀಜವನ್ನೂ ಬಿದಿರಿನ ಬುಟ್ಟಿಗಳನ್ನೂ ಹುಳು ಹತ್ತದಂತೆ ಕಾಪಾಡಿಕೊಂಡು ಬಂದ ನಮ್ಮ ಮಲೆನಾಡಿನ ಹಿರಿಯರು ಈ ಮಾತನ್ನು ಕೇಳಿ ನಗಲಾರರು. ಆದರೆ ಮರಕ್ಕೆ ಹಿತವಾದ ಹೊಗೆಯು ಶ್ವಾಸಕೋಶಕ್ಕೆ ಹಿತವಲ್ಲವೆಂಬುದನ್ನು ಆ ಪಾದ್ರಿಯು ಮರೆತನೆಂದೇ ಹೇಳಬೇಕು. ಒಲೆಯ ಮುಂದೆ ಕುಳಿತು ಕಣ್ಣೊರಸಿಕೊಳ್ಳುತ್ತಿದ್ದ ಹೆಂಗಸರನ್ನು ಕೇಳಿದ್ದರೆ ಉತ್ತರವು ಬೇರೆಯಾಗಿರುತ್ತಿದ್ದಿತು.

ಹೀಗೆ ಗೂಡು ಸುಖದ ಗುರುತಾಯಿತು. ಸುಖದ ಗುರುತು ಎಲ್ಲಿ ಕಾಣುವುದೋ ಅಲ್ಲಿಗೆ ತೆರಿಗೆಯವನು ಬಾರದೆ ಇರುವನೆ? 1662ರಲ್ಲಿ, ಎರಡನೆಯ ಚಾರಲ್ಸ್ ದೊರೆಯು ಸಿಂಹಾಸನಕ್ಕೆ ಮರಳಿ ಬಂದು ಎರಡು ವರ್ಷಗಳಾಗಿದ್ದಾಗ, ಪಾರ್ಲಿಮೆಂಟು ಅವನಿಗೆ ಒಪ್ಪಿಸಿಕೊಟ್ಟಿದ್ದ ವಾರ್ಷಿಕ 12 ಲಕ್ಷ ಪೌಂಡುಗಳ ಆದಾಯವು ಕೈಗೆ ಬಾರದೆ ಹೋಗುತ್ತಿದ್ದಿತು. ಕೊರತೆಯನ್ನು ತುಂಬುವುದಕ್ಕಾಗಿ ಒಲೆಯೊಂದಕ್ಕೆ ವರ್ಷಕ್ಕೆ ಎರಡು ಷಿಲ್ಲಿಂಗಿನಂತೆ ಒಂದು ತೆರಿಗೆಯನ್ನು ವಿಧಿಸಿದರು. ಮಾರ್ಚಿಯಲ್ಲೊಂದು ಕಂತು, ಸೆಪ್ಟೆಂಬರಿನಲ್ಲೊಂದು ಕಂತು. ಗಾಣದೆರೆ, ಮಗ್ಗದೆರೆ, ಮನೆದೆರೆ ಎಂಬ ಹೆಸರುಗಳು ನಮ್ಮ ಶಾಸನಗಳನ್ನು ಓದಿದವರಿಗೆ ಹೊಸವಲ್ಲ. ಆದರೆ ಮನೆಯ ಒಳಹೊಕ್ಕು, ಮಲಗುವ ಕೋಣೆಗೂ ಕಾಲಿಟ್ಟು, ಎಷ್ಟು ಒಲೆಗಳಿವೆಯೆಂದು ಎಣಿಸುವ ಅಧಿಕಾರವನ್ನು ತೆರಿಗೆಯವನಿಗೆ ಕೊಟ್ಟುದು ಆಂಗ್ಲರಿಗೆ ಸಹಿಸಲಾಗದ ಮಾತಾಯಿತು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೊಂದುಂಟು. ಈ ತೆರಿಗೆಯನ್ನು ತೆರಬೇಕಾದವನು ಮನೆಯ ಒಡೆಯನಲ್ಲ, ಅದರಲ್ಲಿ ವಾಸಿಸುವವನು. ಮನೆ ಬರಿದಾಗಿದ್ದರೆ ಮಾತ್ರ ಹೊರೆ ಒಡೆಯನ ಮೇಲೆ ಬೀಳುತ್ತಿದ್ದಿತು. ಗೂಡನ್ನು ಕಟ್ಟಿಸಿದವನೊಬ್ಬ, ಅದಕ್ಕಾಗಿ ಹಣ ತೆರುವವನಿನ್ನೊಬ್ಬ. ತೀರ ಬಡವರಿಗೆ, ಎಂದರೆ ವರ್ಷಕ್ಕೆ ಇಪ್ಪತ್ತು ಷಿಲ್ಲಿಂಗಿಗಿಂತ ಹೆಚ್ಚು ಬೆಲೆಯಿಲ್ಲದ ಮನೆಯಲ್ಲಿರುವವರಿಗೆ, ವಿನಾಯಿತಿಯಿದ್ದಿತು. ಆದರೆ 1664ರ ತಿದ್ದುಪಡಿಯಿಂದ ಎರಡಕ್ಕಿಂತ ಹೆಚ್ಚು ಒಲೆಗಳಿದ್ದವರಿಗೆ ಬಡತನದ ವಿನಾಯಿತಿಯೂ ತಪ್ಪಿಹೋಯಿತು. ಅನುಕೂಲವಾಗಿದ್ದ ಕಾಲದ ದೊಡ್ಡ ಮನೆಯಲ್ಲಿ ಕಷ್ಟಕ್ಕೆ ಬಿದ್ದ ವಿಧವೆಯೊಬ್ಬಳು ವಾಸಿಸುತ್ತಿದ್ದರೆ, ಉರಿಯದ ಒಲೆಗೂ ಅವಳು ತೆರಿಗೆ ತೆರಬೇಕು.

ಆದುದರಿಂದ ಜನರು ಒಲೆಗಳನ್ನು ಮುಚ್ಚತೊಡಗಿದರು. ಆ ಕಾಲದ ತೆರಿಗೆಯ ಪಟ್ಟಿಗಳು ಇಂದಿಗೂ ಪತ್ರಾಗಾರಗಳಲ್ಲಿ ಉಳಿದಿವೆ. ಹೆಸರಿನ ಮುಂದೆ ಒಲೆಗಳ ಸಂಖ್ಯೆ, ಕೆಲವೆಡೆ ಅದರ ಪಕ್ಕದಲ್ಲಿ, ಒಂದು ಮುಚ್ಚಿದೆ, ಒಂದನ್ನು ಕೆಡವಿದೆ ಎಂಬಂಥ ಟಿಪ್ಪಣಿ. ಸರಕಾರವು ಸುಮ್ಮನಿರಲಿಲ್ಲ, ತೆರಿಗೆ ತಪ್ಪಿಸಲೆಂದು ಒಲೆಯನ್ನು ಮುಚ್ಚಿ ಮರೆಮಾಡುವವರ ವಿಷಯದಲ್ಲಿ ಕಾಯಿದೆಯನ್ನು ಬಿಗಿಗೊಳಿಸಿತು. ಹಿಂದಿನ ಪಟ್ಟಿಗೂ ಇಂದಿನ ಎಣಿಕೆಗೂ ತಾಳೆ ಬೀಳದಿದ್ದರೆ ಗೋಡೆಯ ಹೊಸ ಗಾರೆಯನ್ನು ತಟ್ಟಿ ನೋಡುವ ಕಾಲವದು.

ಈ ತೆರಿಗೆಯಿಂದಾದ ಅನರ್ಥಗಳಲ್ಲಿ ಒಂದನ್ನು ಇಲ್ಲಿ ಹೇಳದೆ ಇರಲಾಗದು. ಆಕ್ಸ್‌ಫರ್ಡ್ ಪ್ರಾಂತದಲ್ಲಿ ಚರ್ಚಿಲ್ ಎಂಬ ಹಳ್ಳಿಯೊಂದುಂಟು. ಅಲ್ಲಿ ರೊಟ್ಟಿ ಸುಡುವ ಹೆಂಗಸೊಬ್ಬಳು ತನ್ನ ಒಲೆಗೆ ಬೇರೆ ಗೂಡಿಟ್ಟು ತೆರಿಗೆ ತೆರುವುದಕ್ಕೆ ಬದಲಾಗಿ, ನಡುಗೋಡೆಯನ್ನು ಒಡೆದು ಪಕ್ಕದ ಮನೆಯ ಗೂಡಿಗೆ ತನ್ನ ಒಲೆಯ ದಾರಿಯನ್ನು ಸೇರಿಸಿದಳೆಂದು ಹೇಳುವರು. 1684ನೆಯ ಇಸವಿ ಜುಲೈ ಕೊನೆಯಲ್ಲಿ ಅಲ್ಲಿಂದ ಹತ್ತಿದ ಬೆಂಕಿಯು ಇಪ್ಪತ್ತು ಮನೆಗಳನ್ನು ಸುಟ್ಟು ನಾಲ್ವರ ಪ್ರಾಣವನ್ನು ತೆಗೆದುಕೊಂಡಿತು. ಊರನ್ನು ಬಳಿಕ ಗುಡ್ಡದ ಮೇಲುಭಾಗದಲ್ಲಿ ಕಲ್ಲಿನಿಂದ ಕಟ್ಟಿಕೊಂಡರು. ನಮ್ಮ ದೇಶದ ಚರಿತ್ರೆಯನ್ನು ಓದುವವರಿಗೆ ಬೇಡವೆಂದರೂ ಪರಿಚಿತನಾದ ವಾರನ್ ಹೇಸ್ಟಿಂಗ್ಸನು ಹುಟ್ಟಿದುದು ಇದೇ ಚರ್ಚಿಲ್ ಹಳ್ಳಿಯಲ್ಲಿ, 1732ರಲ್ಲಿ. ಎರಡು ಷಿಲ್ಲಿಂಗಿನ ತೆರಿಗೆಯು ಒಂದು ಊರನ್ನು ಎಬ್ಬಿಸಿ ಬೇರೆಡೆ ಕೂರಿಸಿದ ಕಥೆಯನ್ನು ಅವನು ಬಾಲ್ಯದಲ್ಲಿ ಕೇಳಿದ್ದನೋ ಇಲ್ಲವೋ, ಬಂಗಾಳದ ತೆರಿಗೆಯ ವಿಷಯದಲ್ಲಿ ಆ ಕಥೆ ಅವನಿಗೆ ನೆನಪಾದಂತೆ ಕಾಣದು.

1689ರಲ್ಲಿ, ವಿಲಿಯಂ ಮತ್ತು ಮೇರಿಯರು ಪಟ್ಟಕ್ಕೆ ಬಂದೊಡನೆ, ಒಲೆಯ ತೆರಿಗೆಯನ್ನು ರದ್ದು ಮಾಡಿದರು. ಅಪರಿಚಿತರು ಮನಬಂದಂತೆ ಮನೆಯೊಳಗೆ ನುಗ್ಗಿ ಶೋಧಿಸುವುದು ಪ್ರಜೆಗಳ ಮೇಲೆ ಹಾಕಿದ ದಾಸ್ಯದ ಮುದ್ರೆಯೆಂದು ರದ್ದು ಮಾಡಿದ ಕಾಯಿದೆಯೇ ಒಪ್ಪಿಕೊಂಡಿತು. ಏಳು ವರ್ಷಗಳಲ್ಲಿ, ಎಂದರೆ 1696ರಲ್ಲಿ, ಬೀದಿಯಲ್ಲಿ ನಿಂತೇ ಎಣಿಸಬಹುದಾದ ಕಿಟಕಿಗಳ ಮೇಲೆ ತೆರಿಗೆಯನ್ನು ವಿಧಿಸಿದುದೂ, ಜನರು ಇಟ್ಟಿಗೆಯಿಂದ ಕಿಟಕಿಗಳನ್ನು ಮುಚ್ಚಿಕೊಂಡುದೂ ಬೇರೊಂದು ಕಥೆ.

ತೆರಿಗೆಗಾಗಿಯಲ್ಲದೆ ಸುಖಕ್ಕಾಗಿ ಗೂಡಿನ ಬಾಯನ್ನು ಮುಚ್ಚುವ ರೂಢಿಯೂ ಹಿಂದಿನಿಂದಲೇ ಇದ್ದಿತು. ಬೇಸಗೆಯಲ್ಲಿ ಉರಿಯಿಲ್ಲದ ಒಲೆಯಿಂದ ಇಲ್ಲಣವೂ ಹಕ್ಕಿಯ ಪುಕ್ಕವೂ ಕೆಟ್ಟ ಗಾಳಿಯೂ ಬರುತ್ತಿದ್ದುದರಿಂದ ಹದಿನೆಂಟನೆಯ ಶತಮಾನದ ಅನುಕೂಲಸ್ಥರು ಅದರ ಬಾಯಿಗೆ ಸರಿಯಾಗಿ ಒಂದು ಹಲಗೆಯನ್ನು ಮಾಡಿಸಿ, ಅದರ ಮೇಲೆ ಹೂವಿನ ಕುಂಡವನ್ನೋ ಇನ್ನಾವುದೋ ಚಿತ್ರವನ್ನೋ ಬರೆಯಿಸಿ ನಿಲ್ಲಿಸುತ್ತಿದ್ದರು. ಚಳಿ ಬಂದೊಡನೆ ಹಲಗೆಯು ಅಟ್ಟವನ್ನೇರುವುದು, ಬೆಂಕಿಯು ಮರಳಿ ಬರುವುದು. ಇದು ತೆಗೆದಿಡಬಹುದಾದ ಮುಚ್ಚುಗೆ; ಗಾರೆಯವನ ಕೈಯ ಮುಚ್ಚುಗೆಯಲ್ಲ. ಈ ಭೇದವು ಮುಂದೆ ನಮಗೆ ಬೇಕಾಗುವುದು.

ಅಷ್ಟರಲ್ಲಿ ಸೌದೆಯ ಕಾಲವು ಮುಗಿದು ಕಲ್ಲಿದ್ದಲಿನ ಕಾಲವು ಬಂದಿತ್ತು. ಕಲ್ಲಿದ್ದಲಿಗೆ ವಿಶಾಲವಾದ ಒಲೆ ಬೇಕಾಗಿಲ್ಲ. ರಮ್‌ಫರ್ಡ್ ಎಂಬ ಬಿರುದನ್ನು ಪಡೆದ ಬೆಂಜಮಿನ್ ಥಾಮ್ಸನ್ನನು 1796ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಒಲೆಯನ್ನು ಆಳವಿಲ್ಲದೆ ಕಟ್ಟಿ, ಪಕ್ಕಗಳನ್ನು ಓರೆಯಾಗಿಸಿ, ಗೂಡಿನ ಕೊರಳನ್ನು ಸುಮಾರು ನಾಲ್ಕಂಗುಲಕ್ಕೆ ಕಿರಿದುಗೊಳಿಸಿದರೆ ಹೊಗೆಯೂ ಮೇಲೇರುವುದು, ಕಾವೂ ಕೋಣೆಗೆ ಸಿಗುವುದು ಎಂದು ತೋರಿಸಿದನು. ದೊಡ್ಡ ಗೂಡಿನಿಂದ ಕೋಣೆಯ ಬೆಚ್ಚನೆಯ ಗಾಳಿಯೆಲ್ಲ ಆಕಾಶಕ್ಕೆ ಹೋಗಿ, ಅದರ ಜಾಗಕ್ಕೆ ಬಾಗಿಲ ಸಂದಿನಿಂದ ತಣ್ಣನೆಯ ಗಾಳಿ ನುಗ್ಗುವುದೆಂಬುದನ್ನು ಆತನು ಬಲ್ಲವನಾಗಿದ್ದನು. ಇಂದು ಗೂಡನ್ನು ಮುಚ್ಚುವವರು ಹೇಳುವ ಮುಖ್ಯ ಕಾರಣವೂ ಅದೇ.

ಕಿರಿದಾದ ಗೂಡನ್ನು ಗುಡಿಸುವವರು ಯಾರು? ಸಾಮಾನ್ಯವಾಗಿ 14 ಅಂಗುಲಕ್ಕೆ 9 ಅಂಗುಲ, ಎಷ್ಟೋ ಕಡೆ ಅದಕ್ಕಿಂತಲೂ ಇಕ್ಕಟ್ಟಾದ ಕೊಳವೆಯಲ್ಲಿ ದೊಡ್ಡವರು ಇಳಿಯಲಾರರು, ಮಕ್ಕಳನ್ನು ಏರಿಸಿದರು. ಈ ಕೆಲಸದವರಿಗೆ ಬರುವ ಒಂದು ಬಗೆಯ ಅರ್ಬುದರೋಗಕ್ಕೆ ಇಲ್ಲಣವೇ ಕಾರಣವೆಂದು ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯನು 1775ರಲ್ಲಿಯೇ ಬರೆದನು. 1788ರ ಕಾಯಿದೆಯು ಎಂಟು ವರ್ಷ ತುಂಬದವರನ್ನು ಕೆಲಸಕ್ಕೆ ಸೇರಿಸಕೂಡದೆಂದಿತು. 1840ರ ಕಾಯಿದೆಯು ಇಪ್ಪತ್ತೊಂದು ವರ್ಷದೊಳಗಿನವರಾರೂ ಗೂಡನ್ನೇರಕೂಡದೆಂದಿತು. ಉದ್ದನೆಯ ಕೋಲಿಗೆ ಕುಂಚ ಕಟ್ಟಿದ ಯಂತ್ರವು 1803ರಿಂದಲೇ ಇದ್ದಿತು. ಆದರೂ ಶ್ರೀಮಂತರು ತಮ್ಮ ಸೊಟ್ಟ ಗೂಡುಗಳನ್ನು ನೆಟ್ಟಗೆ ಮಾಡಿಸಲು ಹಣ ವೆಚ್ಚಮಾಡಲು ಒಪ್ಪದೆ, ಬಾಲಕರೇ ಚೆನ್ನಾಗಿ ಗುಡಿಸುವರೆಂದು ವಾದಿಸುತ್ತಿದ್ದರು. 1875ರಲ್ಲಿ ಕೇಂಬ್ರಿಡ್ಜಿನ ಬಳಿಯ ಫುಲ್‌ಬೋರ್ನ್ ಆಸ್ಪತ್ರೆಯ ಗೂಡಿನೊಳಗೆ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗನು ಸಿಕ್ಕಿಕೊಂಡನು. ಗೋಡೆಯನ್ನು ಒಡೆದು ಹೊರತೆಗೆದರೂ ಅವನು ಉಳಿಯಲಿಲ್ಲ. ಆ ವರ್ಷವೇ ಷಾಫ್ಟ್ಸ್‌ಬರಿ ಪ್ರಭುವಿನ ಪ್ರಯತ್ನದಿಂದ, ಪೋಲೀಸರ ಪರವಾನಗಿಯಿಲ್ಲದೆ ಯಾರೂ ಈ ಉದ್ಯೋಗವನ್ನು ನಡೆಸಕೂಡದೆಂಬ ಕಾಯಿದೆಯಾಗಿ ಮಕ್ಕಳ ಏರುವಿಕೆಯು ನಿಂತಿತು. ಹಲಗೆ ಬಡಿದು ಮುಚ್ಚಿರುವ ಹಳೆಯ ಗೂಡುಗಳಲ್ಲಿ ಎಷ್ಟೋ ಗೂಡುಗಳ ಒಳಗೋಡೆಯನ್ನು ಹೀಗೆ ಮಕ್ಕಳ ಮೊಣಕಾಲು ಮೊಣಕೈಗಳು ತಿಕ್ಕಿವೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕೂಲಿಗಾರರಿಗೂ ಗುಮಾಸ್ತರಿಗೂ ಸಾಲುಸಾಲಾಗಿ ಕಟ್ಟಿದ ಮನೆಗಳೇ ಇಂದು ಬಾಡಿಗೆಗೆ ಸಿಗುವ ಹಳೆಯ ಮನೆಗಳಲ್ಲಿ ಬಹುಭಾಗ. ಅವುಗಳಲ್ಲಿ ಕೋಣೆಕೋಣೆಗೂ ಒಂದು ಸಣ್ಣ ಒಲೆ. ಅವುಗಳಲ್ಲಿದ್ದವರು ಹೆಚ್ಚಾಗಿ ಬಾಡಿಗೆದಾರರೇ. ಮಹಡಿಯ ಒಲೆಯನ್ನು ಯಾರಾದರೂ ಕಾಯಿಲೆ ಬಿದ್ದಾಗಲೋ ಹೆರಿಗೆಯಾದಾಗಲೋ ಮಾತ್ರ ಹೊತ್ತಿಸುತ್ತಿದ್ದರು. ಕಲ್ಲಿದ್ದಲನ್ನು ಮೆಟ್ಟಲು ಹತ್ತಿಸಿ ಉರಿಸುವ ಶಕ್ತಿ ಎಲ್ಲರಿಗೂ ಎಲ್ಲಿಯದು? ಅಂಥ ಒಲೆಗಳಿಗೆ ಕಬ್ಬಿಣದ ತಗಡಿನ ಬಾಗಿಲೊಂದಿರುತ್ತಿತ್ತು. ಬೇಡವಾದಾಗ ಎಳೆದು ಕೊರಳನ್ನು ಮುಚ್ಚಬಹುದು. ಹಳೆಯ ಚಿತ್ರದ ಹಲಗೆಯ ಬಡವರ ರೂಪವಿದು.

ಸಾಮೂಹಿಕವಾದ ಮುಚ್ಚುಗೆಗೆ ಕಾರಣವಾದುದು 1952ನೆಯ ಡಿಸೆಂಬರ್ ತಿಂಗಳ ಲಂಡನ್ನಿನ ಮಂಜು. ಆ ತಿಂಗಳ 5ರಿಂದ 9ರವರೆಗೆ ಗಾಳಿ ನಿಂತು, ಮನೆಗಳ ಒಲೆಗಳಿಂದಲೂ ಕಾರ್ಖಾನೆಗಳಿಂದಲೂ ಎದ್ದ ಹೊಗೆಯು ಮಂಜಿನೊಡನೆ ಬೆರೆತು ನಗರದ ಮೇಲೆ ಕುಳಿತುಬಿಟ್ಟಿತು. ಮೊದಲ ಲೆಕ್ಕದ ಪ್ರಕಾರ ಸುಮಾರು 4,000 ಜನ ಸತ್ತರು. ಈಚಿನ ಸಂಶೋಧಕರು ಆ ಸಂಖ್ಯೆಯನ್ನು 12,000ದವರೆಗೂ ಏರಿಸಿರುವರು. ಸರ್ ಹ್ಯೂ ಬೀವರ್ ಎಂಬವರ ಅಧ್ಯಕ್ಷತೆಯ ಸಮಿತಿಯು ವರದಿಯನ್ನೊಪ್ಪಿಸಿದ ಮೇಲೆ 1956ರಲ್ಲಿ ಶುದ್ಧವಾಯುವಿನ ಕಾಯಿದೆಯಾಯಿತು. ಪುರಸಭೆಗಳು ಗೊತ್ತುಮಾಡಿದ ಪ್ರದೇಶಗಳಲ್ಲಿ ಹೊಗೆಯುಗುಳುವ ಇಂಧನವನ್ನು ಉರಿಸಕೂಡದು. ಒಲೆಯನ್ನು ಬದಲಾಯಿಸುವ ವೆಚ್ಚದಲ್ಲಿ ಹತ್ತರಲ್ಲಿ ಏಳು ಪಾಲನ್ನು ಪುರಸಭೆಯೇ ಕೊಡುವುದು. ಮುನ್ನೂರು ವರ್ಷಗಳ ಹಿಂದೆ ಒಲೆಗಾಗಿ ಹಣವನ್ನು ಕಿತ್ತುಕೊಂಡ ರಾಜ್ಯವೇ ಈಗ ಒಲೆಯನ್ನು ಬಿಡಿಸಲು ಹಣ ಕೊಡುವಂತಾಯಿತು.

ಅದರ ಹಿಂದೆಯೇ ಅನಿಲದ ಒಲೆಯೂ, ಬಿಸಿನೀರಿನ ಕೊಳವೆಗಳಿಂದ ಇಡೀ ಮನೆಯನ್ನು ಕಾಯಿಸುವ ಏರ್ಪಾಡೂ ಬಂದವು. ಮರದ ನಾರನ್ನು ಒತ್ತಿ ಮಾಡಿದ ತೆಳುಹಲಗೆಯು ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದ ಕಾಲವದು. ಒಂದು ಹಲಗೆ, ನಾಲ್ಕಾರು ಮೊಳೆ, ಮೇಲೊಂದಿಷ್ಟು ಬಣ್ಣ. ಭಾನುವಾರ ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಮೇಲೆ ಮಾಡಿನಾಚೆಯ ಬಾಯನ್ನು ಕೆಲವರು ತೆರೆದೇ ಬಿಟ್ಟರು, ಕೆಲವರು ಗಾರೆಯಿಂದ ಗಟ್ಟಿಯಾಗಿ ಮುಚ್ಚಿದರು. ಎರಡೂ ತಪ್ಪೇ.

ಕಾರಣವನ್ನು ಸ್ವಲ್ಪ ವಿವರಿಸಬೇಕು. ನೂರು ವರ್ಷ ಕಲ್ಲಿದ್ದಲನ್ನು ಉರಿಸಿದ ಗೂಡಿನ ಇಟ್ಟಿಗೆಯು ಒಳಗಿನಿಂದ ಗಂಧಕದ ಲವಣಗಳನ್ನೂ ಇತರ ಲವಣಗಳನ್ನೂ ಹೀರಿಕೊಂಡಿರುವುದು. ಈ ಲವಣಗಳು ಗಾಳಿಯಲ್ಲಿನ ತೇವವನ್ನು ತಾವಾಗಿಯೇ ಸೆಳೆಯುವ ಸ್ವಭಾವದವು. ಮಳೆಗಾಲದಲ್ಲಿ ನಮ್ಮ ಉಪ್ಪಿನ ಮರಿಗೆಯು ಬೆವರುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಬೆಂಕಿಯಿದ್ದಷ್ಟು ದಿನ ಗೂಡು ಒಣಗಿಯೇ ಇರುತ್ತಿದ್ದಿತು. ಬೆಂಕಿ ಆರಿ, ಮೇಲೂ ಕೆಳಗೂ ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಒಳಗೆ ಸೇರಿದ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಅದು ಇಲ್ಲಣವನ್ನು ಕರಗಿಸಿಕೊಂಡು ಕಂದು ಕಲೆಯಾಗಿ ಕೋಣೆಯ ಗೋಡೆಯಲ್ಲಿ ಮೂಡುವುದು. ಮೇಲೆ ತೆರೆದೇ ಬಿಟ್ಟರೆ ಮಳೆಯು ನೇರವಾಗಿ ಒಳಕ್ಕೆ ಸುರಿಯುವುದು. ಆದುದರಿಂದ ಬಲ್ಲ ಗಾರೆಯವರು ಅನುಸರಿಸುವ ಕ್ರಮವೇ ಬೇರೆ: ಮೊದಲು ಗೂಡನ್ನು ಪೂರ್ತಿ ಗುಡಿಸಿಸುವುದು, ಮೇಲುಬಾಯಿಗೆ ಮಳೆಯನ್ನು ತಡೆದು ಗಾಳಿಯನ್ನು ಬಿಡುವ ಟೋಪಿಯನ್ನಿಡುವುದು, ಕೆಳಬಾಯನ್ನು ಮುಚ್ಚುವಾಗ ಅದರಲ್ಲಿ ಒಂದು ಸಣ್ಣ ಜಾಲಂಧ್ರವನ್ನು ಬಿಡುವುದು. ಹಲಗೆಯ ನಡುವೆ ಕಾಣುವ ಆ ಜಾಲಂಧ್ರದಿಂದ ಚಳಿ ಬರುತ್ತದೆಂದು ಕಾಗದ ಅಂಟಿಸುವ ಬಾಡಿಗೆದಾರನು ಗೋಡೆಯ ಕಲೆಯನ್ನು ತಾನೇ ಬರಮಾಡಿಕೊಳ್ಳುವನು.

ಬಾಡಿಗೆಯ ಮನೆಯಲ್ಲಿ ಈ ಕೆಲಸವು ಯಾರದೆಂಬುದೇ ಇಂದಿನ ವ್ಯಾಜ್ಯ. 1985ರ ಕಾಯಿದೆಯ 11ನೆಯ ವಿಧಿಯಂತೆ, ಏಳು ವರ್ಷಕ್ಕಿಂತ ಕಡಮೆ ಅವಧಿಯ ಬಾಡಿಗೆಯಲ್ಲಿ ಮನೆಯ ಕಟ್ಟಡವನ್ನೂ ಹೊರಮೈಯನ್ನೂ ದುರಸ್ತಿಯಲ್ಲಿಡುವ ಹೊಣೆಯು ಒಡೆಯನದು. ಮಾಡಿನ ಮೇಲಿನ ಗೂಡೂ ಅದರಲ್ಲಿ ಸೇರಿತು. ವಾಸಕ್ಕೆ ತಕ್ಕ ಸ್ಥಿತಿಯಲ್ಲಿ ಮನೆಯಿರಬೇಕೆಂಬ 2018ರ ಕಾಯಿದೆಯು ತೇವದ ವಿಷಯದಲ್ಲಿ ಬಾಡಿಗೆದಾರನ ಕೈಯನ್ನು ಮತ್ತಷ್ಟು ಬಲಪಡಿಸಿತು. ಆದರೆ ಅದೇ ಬಾಡಿಗೆದಾರನು ಒಡೆಯನ ಒಪ್ಪಿಗೆಯಿಲ್ಲದೆ ಗೋಡೆಗೆ ಒಂದು ಮೊಳೆಯನ್ನು ಹೊಡೆಯುವುದಕ್ಕೂ ಕರಾರುಪತ್ರವು ಸಾಮಾನ್ಯವಾಗಿ ಅಡ್ಡಬರುವುದು. ಚಳಿಗೆ ನಡುಗುವವನೊಬ್ಬ, ಇಟ್ಟಿಗೆಯ ಮೇಲೆ ಹಕ್ಕುಳ್ಳವನಿನ್ನೊಬ್ಬ. ಎರಡನೆಯ ಚಾರಲ್ಸನ ಕಾಲದಿಂದ ಇಷ್ಟು ಮಾತ್ರ ಬದಲಾಗಲಿಲ್ಲ. 2020ನೆಯ ಇಸವಿ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿಯೂ ವೇಲ್ಸಿನಲ್ಲಿಯೂ ಬಾಡಿಗೆಯ ಮನೆಗಳು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಂಧನದ ಮಿತವ್ಯಯದಲ್ಲಿ ಕನಿಷ್ಠ ‘ಇ’ ದರ್ಜೆಯವಾಗಿರಬೇಕೆಂದು ನಿಯಮವಾಯಿತು. ತೆರೆದ ಗೂಡಿದ್ದರೆ ಅಂಕ ಕಡಮೆ ಬೀಳುವುದರಿಂದ ಒಡೆಯರಿಗೂ ಈಗ ಮುಚ್ಚುವ ಆತುರ ಹುಟ್ಟಿದೆ.

ಆತುರದಲ್ಲಿ ಅಪಾಯವುಂಟು. ಸಾಲುಮನೆಗಳಲ್ಲಿ ಎರಡು ಮನೆಗಳ ಕೊಳವೆಗಳು ಮಾಡಿನ ಮೇಲೆ ಒಂದೇ ಕಟ್ಟಡದಲ್ಲಿ ಕೂಡಿ, ನಡುವೆ ಅರ್ಧ ಇಟ್ಟಿಗೆಯ ಗೋಡೆ ಮಾತ್ರ ಇರುತ್ತದೆ. ಯಾವ ಬಾಯಿ ಯಾರದೆಂದು ಕೆಳಗಿನಿಂದ ನೋಡಿ ಹೇಳುವುದು ಕಷ್ಟ. ಪಕ್ಕದ ಮನೆಯ ಅನಿಲದ ಒಲೆಯು ಬಳಸುತ್ತಿರುವ ಗೂಡನ್ನು ತಪ್ಪಾಗಿ ಮುಚ್ಚಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಅಲ್ಲಿಯ ಕೋಣೆಗೆ ಮರಳುವುದು, ಮಲಗಿದವರು ಏಳುವುದಿಲ್ಲ. ಬಾಡಿಗೆಯ ಮನೆಯ ಅನಿಲದ ಒಲೆಯನ್ನೂ ಅದರ ಕೊಳವೆಯನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂದು 1998ರ ನಿಯಮವು ಒಡೆಯನಿಗೆ ವಿಧಿಸಿರುವುದು ಸುಮ್ಮನೆ ಅಲ್ಲ. ಮೇಲಾಗಿ, ಜಾಕ್‌ಡಾ ಎಂಬ ಕಾಗೆಯ ಜಾತಿಯ ಹಕ್ಕಿಗೆ ಬರಿದಾದ ಗೂಡೆಂದರೆ ಬಲು ಪ್ರೀತಿ. ಅದು ಗೂಡಿನೊಳಗೆ ಗೂಡು ಕಟ್ಟಿ ಮೊಟ್ಟೆಯಿಟ್ಟಿರುವಾಗ ಅದನ್ನು ಕೆಡಿಸುವುದು 1981ರ ಕಾಯಿದೆಯ ಪ್ರಕಾರ ಅಪರಾಧ. ಮರಿಗಳು ಹಾರಿಹೋಗುವವರೆಗೆ ಕಾಯಬೇಕು.

ಹಳೆಯ ಮುಚ್ಚುಗೆಯನ್ನು ತೆಗೆದಾಗ ಒಳಗೆ ಸಿಗುವ ವಸ್ತುಗಳ ವಿಷಯವೂ ಕುತೂಹಲಕರವಾಗಿದೆ. ಇಲ್ಲಣ, ಹಕ್ಕಿಯ ಎಲುಬು, ಹಳೆಯ ವೃತ್ತಪತ್ರಿಕೆ ಇವು ಸಾಮಾನ್ಯ. ಆದರೆ ಗೂಡಿನ ಒಳಕಟ್ಟೆಯ ಮೇಲೆ, ಯಾರೋ ಬೇಕೆಂದೇ ಇಟ್ಟಂತೆ, ಸವೆದ ಜೋಡೊಂದು ಸಿಗುವುದುಂಟು; ಒಂಟಿ ಜೋಡೇ ಹೆಚ್ಚು, ಅದರಲ್ಲಿಯೂ ಮಕ್ಕಳದು ಬಹಳ. ಮೋಚಿಗಳ ಊರೆಂದು ಹೆಸರಾದ ನಾರ್ತಾಂಪ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಜೂನ್ ಸ್ವಾನ್ ಎಂಬ ವಿದುಷಿಯು 1950ರ ದಶಕದಲ್ಲಿ ಇಂಥವುಗಳ ಪಟ್ಟಿಯೊಂದನ್ನು ಪ್ರಾರಂಭಿಸಿದರು. ಈಗ ಅದರಲ್ಲಿ ಸಾವಿರಕ್ಕೂ ಮಿಕ್ಕಿದ ದಾಖಲೆಗಳಿವೆ. ಮನೆಯಲ್ಲಿ ಸದಾ ತೆರೆದಿರುವ ಬಾಯಿ ಹೊಗೆಗೂಡೊಂದೇ ಆದುದರಿಂದ ದುಷ್ಟಶಕ್ತಿಯು ಅಲ್ಲಿಂದ ಇಳಿಯದಂತೆ ಕಾವಲಿಟ್ಟರೆಂದು ವಿದ್ವಾಂಸರು ಊಹಿಸುವರು. ಬಾಗಿಲಿಗೆ ಹಳೆಯ ಕೆರವನ್ನು ಕಟ್ಟುವ ನಮ್ಮ ರೂಢಿಯನ್ನು ಕಂಡವರಿಗೆ ಈ ಊಹೆಯು ಅಸಂಭವವೆಂದು ತೋರಲಾರದು. ಜೋಡು ಸಿಕ್ಕಿದ ಮನೆಯವರಲ್ಲಿ ಅನೇಕರು ಅದನ್ನು ಸಂಗ್ರಹಾಲಯಕ್ಕೆ ಕೊಡಲು ಅಂಜಿ, ಪಟ್ಟಿಗೆ ಬರೆಯಿಸಿ, ಮರಳಿ ಅದೇ ಸ್ಥಳದಲ್ಲಿ ಇಡುತ್ತಾರಂತೆ.

ಒಡೆಯನ ಒಪ್ಪಿಗೆಗಾಗಿ ಕಾಯಲಾರದ ಬಾಡಿಗೆದಾರರಿಗೆ ಈಗ ಅಂಗಡಿಗಳಲ್ಲಿ ಕುರಿಯ ಉಣ್ಣೆಯನ್ನು ದಪ್ಪವಾಗಿ ಒತ್ತಿ ಮಾಡಿದ ಬಿರಡೆಗಳು ಸಿಗುತ್ತವೆ; ಗಾಳಿ ತುಂಬಿದ ಚೀಲಗಳೂ ಉಂಟು. ಒಲೆಯೊಳಗೆ ಕೈಯಿಟ್ಟು ಗೂಡಿನ ಕೊರಳಿಗೆ ಸಿಕ್ಕಿಸಿದರೆ ಸಾಕು, ಗೋಡೆಗೆ ಮೊಳೆ ಬೀಳದು, ಉಣ್ಣೆಯು ಸ್ವಲ್ಪ ಉಸಿರಾಡುವುದರಿಂದ ತೇವವೂ ನಿಲ್ಲದು, ಮನೆ ಬಿಡುವಾಗ ಎಳೆದುಕೊಂಡು ಹೋಗಬಹುದು. ಅದರ ಹಿಡಿಯನ್ನು ಮಾತ್ರ ಒಲೆಯ ಬಾಯಿಯಿಂದ ಕಾಣುವಂತೆ ಕೆಳಕ್ಕೆ ಇಳಿಬಿಟ್ಟಿರಬೇಕು. ಮುಂದೆ ಬರುವ ಬಾಡಿಗೆದಾರನು ತಿಳಿಯದೆ ಬೆಂಕಿ ಹೊತ್ತಿಸಿಯಾನು.